ಗೋಧಿ ಊರಲ್ಲಿ ವರ್ನಾಳ ಡಬ್ಬಿ

ಬೂರಾಲಿಕ್‌ನಂಥ ಊರಲ್ಲಿ ಬಾಳುತ್ತಾ ಗೋಧಿ ಮುಟ್ಟಲ್ಲ ಅನ್ನೋದೇನು ಸುಮ್ಮನೆ ಮಾತೇ? ಕಣ್ಣು ಹಾಯಿಸಿದಷ್ಟು ದೂರ ಗೋಧಿ. ರೈಲು ಹಳಿ ಪಕ್ಕ ಗೋಧಿ ತುಂಬಿಡೋ ಸೈಲೋಗಳು. ಸುಗ್ಗಿ ಮುಗಿದ ಭಾನುವಾರ ಲೂಥರನ್ ಚರ್ಚಿನಲ್ಲಿ ದೇವರ ಮುಂದೆ ಇಡೋದು ಕೂಡ ತೆನೆಕಟ್ಟಿನ ಆಕಾರದಲ್ಲಿ ಬೇಯಿಸಿದ ದೊಡ್ಡ ಬ್ರೆಡ್ಡು. ಅಂಥ ಊರಲ್ಲಿ ವರ್ನಾ ನೋಸ್ಕೆ ಗೋಧಿ ಬೆಳೆಗಾರನ ಹೆಂಡತಿ, ಗೋಧಿ ಬೆಳೆಗಾರನ ತಾಯಿ. ಅವಳಿಗೆ ಗೋಧಿಯೇ ವಿಷ. ಹಣೆಬರಹಕ್ಕೂ ಒಮ್ಮೊಮ್ಮೆ ಕುಚೋದ್ಯ ಮಾಡೋ ಬುದ್ಧಿ ಬರುತ್ತೆ.

ಮಗ ಬ್ರೆಟ್ ಹುಟ್ಟಿದ ಮೇಲೆ ವರ್ನಾ ಎದ್ದು ಓಡಾಡೋದೇ ನಿಂತುಹೋಗಿತ್ತು. ತಿಂದದ್ದು ಮೈಗೆ ಹತ್ತಲಿಲ್ಲ, ಕೂದಲು ಉದುರಿತು, ಕೂಸನ್ನು ಎತ್ತಿಕೊಳ್ಳೋಕೂ ತೋಳಲ್ಲಿ ಬಲ ಇರಲಿಲ್ಲ. ಗಂಡ ಕ್ಲೆಮ್ ಅವಳನ್ನ ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೆಲ್ಬರ್ನ್‌ಗೆ ಹೋದ. ಅಲ್ಲಿನ ಡಾಕ್ಟರು ಗಂಟಲಲ್ಲಿ ಕೊಳವೆ ಇಳಿಸಿ, ಕರುಳಿನ ಚೂರು ತೆಗೆದು ನೋಡಿ ಹೇಳಿದರು: ಇದು ಸೀಲಿಯಾಕ್ ಕಾಯಿಲೆ, ಗೋಧಿಯಲ್ಲಿರೋ ಗ್ಲುಟನ್ ನಿನ್ನ ಕರುಳನ್ನ ಸವೆಸಿಬಿಟ್ಟಿದೆ, ಇನ್ನು ಸಾಯೋವರೆಗೂ ಒಂದು ಚೂರು ಬ್ರೆಡ್ಡೂ ಮುಟ್ಟಬೇಡ. ಮುಟ್ಟಲಿಲ್ಲ. ಆರು ತಿಂಗಳಲ್ಲಿ ಹೆಣದಂತಿದ್ದವಳು ಹೆಂಗಸಾದಳು.

ಆಗ ಊರು ನಂಬಿತು. ನಂಬದೆ ಏನು, ಕಣ್ಣಾರೆ ಕಂಡಿದ್ದರಲ್ಲ! ಚರ್ಚಿನ ಹೆಂಗಸರ ಸಂಘದ ಅಡುಗೆಮನೆ ಐರಿಸ್ ಕೂಕೆಲ್ ಕೈಯಲ್ಲಿತ್ತು. ಐರಿಸ್ ಬಾಯಿ ಜೋರು, ಕೈಯೂ ಜೋರು. ಅವಳು ಒಂದು ತಗಡಿನ ಡಬ್ಬಿ ತೊಳೆದು, ಹಿಡಿಗೆ ಕೆಂಪು ಉಣ್ಣೆ ದಾರ ಕಟ್ಟಿ ಇಟ್ಟಳು. ಮದುವೆಯಾಗಲಿ, ಮಣ್ಣಾಗಲಿ, ಚರ್ಚಿನ ಹಾಲ್‌ನಲ್ಲಿ ಚಹಾ ಇದ್ದ ದಿನ ಆ ಡಬ್ಬಿಯಲ್ಲಿ ಅಕ್ಕಿಹಿಟ್ಟಿನ ಕೇಕ್ ಇರುತ್ತಿತ್ತು. ಸುಣ್ಣದ ಹೆಂಟೆ ಕಡಿದ ಹಾಗಿರುತ್ತಿತ್ತು ಅನ್ನಿ. ಆದರೂ ಐರಿಸ್ ಮಕ್ಕಳ ಮುಂದೆ ಸೌಟು ಎತ್ತಿ ಹೇಳೋಳು, "ಅದು ವರ್ನಾ ಡಬ್ಬಿ. ಮುಟ್ಟಿದ್ರೋ, ಕೈ ಮುರೀತೀನಿ!" ವರ್ನಾ ಆ ಕೇಕನ್ನ ಚೂರೂ ಬಿಡದೆ ತಿನ್ನುತ್ತಿದ್ದಳು.

ಹೀಗೇ ನಡೆದಿದ್ದರೆ ಈ ಕಥೆ ಇಲ್ಲ. ನಡುವೆ ಬಂತಲ್ಲ ಈ ಶೋಕಿ, ಹಾಳಾಗ ಅದು! ಹಳೇ ಬ್ಯಾಂಕ್ ಕಟ್ಟಡದಲ್ಲಿ ಸಾಸ್ಕಿಯಾ ಅನ್ನೋ ಪೇಟೆಯವಳು ಕಾಫಿ ಅಂಗಡಿ ತೆರೆದಳು. ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಗ್ಲುಟನ್ ಇಲ್ಲದ ಅದು, ಗ್ಲುಟನ್ ಇಲ್ಲದ ಇದು. "ನಂಗೂ ಗ್ಲುಟನ್ ಆಗಲ್ಲ, ಬಿಟ್ಟ ಮೇಲೆ ಮುಖಕ್ಕೆ ಏನು ಕಳೆ ಬಂತು ಗೊತ್ತಾ?" ಅಂತ ಬಂದವರಿಗೆಲ್ಲ ಹೇಳಿದಳು. ಅದೇ ಸಾಸ್ಕಿಯಾ ಒಂದು ಶನಿವಾರ ಬೇಕರಿ ಮುಂದೆ ಬೆಂಚಿನ ಮೇಲೆ ಕೂತು, ಕಸ್ಟರ್ಡ್ ತುಂಬಿದ ಪೇಸ್ಟ್ರಿಯನ್ನ ಬೆರಳು ನೆಕ್ಕಿಕೊಂಡು ತಿಂದಳು. ಯಾರೋ ಕೇಳಿದ್ದಕ್ಕೆ, "ವಾರಕ್ಕೊಂದ್ಸಲ ಪರ್ವಾಗಿಲ್ಲ" ಅಂದಳಂತೆ. ಫುಟ್‌ಬಾಲ್ ಮ್ಯಾಚಿಗೆ ಬಂದಿದ್ದ ಊರೆಲ್ಲ ನೋಡಿತು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಸಾಸ್ಕಿಯಾ ಎರಡು ವರ್ಷಕ್ಕೆ ಅಂಗಡಿ ಮುಚ್ಚಿ ಹೋದಳು, ಬರೆ ಬಿದ್ದದ್ದು ವರ್ನಾಗೆ. ಬೇಕರಿಯ ನೆವ್, ಅವಳು ಬಾಗಿಲಲ್ಲಿ ಕಂಡರೆ ಸಾಕು, "ಉಸಿರು ಬಿಗಿ ಹಿಡ್ಕೊಂಡು ಬಾ ವರ್ನಾ, ಇಲ್ಲಿ ಗಾಳೀಲೂ ಹಿಟ್ಟಿದೆ!" ಅನ್ನೋನು. ಧಾನ್ಯದ ಲಾರಿ ಓಡಿಸೋರು, "ನಮ್ಮ ಅನ್ನಕ್ಕೆ ಕಲ್ಲು ಹಾಕ್ಬೇಡ ತಾಯಿ" ಅಂತ ಕೈ ಮುಗಿಯೋರು. ಗ್ಲುಟನ್ ಆಗಲ್ಲ ಅನ್ನೋದೆಲ್ಲ ಬರೀ ಮನಸ್ಸಿನ ಕಾಯಿಲೆ ಅಂತ ಯಾವುದೋ ಪೇಪರಿನಲ್ಲಿ ಬಂತು. ಆ ಹಾಳೆಯನ್ನ ಯಾರೋ ಪುಣ್ಯಾತ್ಮರು ಕತ್ತರಿಸಿ ಹಾಲ್‌ನ ಫ್ರಿಜ್ಜಿನ ಮೇಲೆ ಅಂಟಿಸಿದರು. ಪೇಪರಿನವರು ಬರೆದದ್ದು ಇವಳ ಕಾಯಿಲೆ ಬಗ್ಗೆ ಅಲ್ಲ, ಸಾಸ್ಕಿಯಾಳಂಥವರ ಬಗ್ಗೆ. ಆದರೆ ಅಷ್ಟು ಪೂರ್ತಿ ಓದೋ ವ್ಯವಧಾನ ಯಾರಿಗಿದೆ? ವರ್ನಾ ಹಾಲು ತೆಗೆಯೋಕೆ ಫ್ರಿಜ್ಜು ತೆರೆಯುವಾಗೆಲ್ಲ ಅದನ್ನ ನೋಡುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ.

ಅನ್ನುತ್ತಿರಲಿಲ್ಲ, ಅದೇ ಅವಳ ಗ್ರಹಚಾರ. ಆ ಬಯಲು ಸೀಮೆಯವರೇ ಹಾಗೆ. ಕೈ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಹೋದರೂ, ಹೇಗಿದೀಯಪ್ಪಾ ಅಂದರೆ "ಪರ್ವಾಗಿಲ್ಲ, ನಡೀತಿದೆ" ಅನ್ನೋ ಜನ. ನೋವು ಹೇಳಿಕೊಳ್ಳೋದು ಅಂದರೆ ಅವರಿಗೆ ಬೀದಿಯಲ್ಲಿ ಬಟ್ಟೆ ಬಿಚ್ಚಿದಷ್ಟು ನಾಚಿಕೆ. ವರ್ನಾ ಅದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಎಲ್ಲೋ ತಪ್ಪಿ ಗೋಧಿ ಹೊಟ್ಟೆಗೆ ಹೋಗಿ ವಾಂತಿ ಬಂದರೆ, ಬಚ್ಚಲಿಗೆ ಹೋಗಿ ಚಿಲಕ ಹಾಕಿ, ನಲ್ಲಿ ಪೂರ್ತಿ ತಿರುಗಿಸುವಳು. ನೀರಿನ ಸದ್ದಿನಲ್ಲಿ ಮಿಕ್ಕ ಸದ್ದು ಮುಚ್ಚಿಹೋಗೋದು. ಆಮೇಲೆ ಮುಖ ತೊಳೆದು, ತುಟಿಗೆ ಬಣ್ಣ ಹಚ್ಚಿಕೊಂಡು ಹೊರಗೆ ಬರೋಳು. ಕ್ಲೆಮ್ ಒಬ್ಬನಿಗೆ ಗೊತ್ತಿತ್ತು. ಅವನೂ ಏನೂ ಕೇಳದೆ ಒಂದು ಲೋಟ ಬಿಸಿನೀರು ಮೇಜಿನ ಮೇಲೆ ಇಡುತ್ತಿದ್ದ.

ಆ ಕ್ಲೆಮ್ ಕಳೆದ ಚಳಿಗಾಲದಲ್ಲಿ ಕುರಿ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಣ್ಣು ಮುಗಿದ ಮೇಲೆ ಹಾಲ್‌ನಲ್ಲಿ ಚಹಾ. ಐರಿಸ್ ಕೆಂಪು ದಾರದ ಡಬ್ಬಿ ತಂದು ವರ್ನಾಳ ಮಡಿಲಲ್ಲಿಟ್ಟು, "ಒಂದ್ ಚೂರು ತಿನ್ನೇ, ಬೆಳಗ್ಗಿಂದ ಏನೂ ತಿಂದಿಲ್ಲ ನೀನು" ಅಂದಳು. ಊರು ಅಣಕಿಸೋಕೆ ಶುರು ಮಾಡಿದಾಗಿನಿಂದ ಕಾಣೆಯಾಗಿದ್ದ ಡಬ್ಬಿ. ಅದನ್ನ ನೋಡಿ ವರ್ನಾಗೆ ಅಳು ಒತ್ತರಿಸಿ ಬಂತು. ರುಚಿ ಯಾರಿಗೆ ಬೇಕಿತ್ತು ಆವತ್ತು? ಐರಿಸ್ ಕೊಟ್ಟಳು ಅಂತ ಎರಡು ಚೂರು ತಿಂದಳು.

ಆ ಮೇಲಿನ ವಾರವೆಲ್ಲ ಅವಳು ಹಾಸಿಗೆಗೂ ಬಚ್ಚಲಿಗೂ ಗೋಡೆ ಹಿಡಿದು ಓಡಾಡಿದಳು. ಕ್ಲೆಮ್ ಹೋದ ಸಂಕಟವನ್ನ ಮೈ ಹೀಗೆ ಹೊರಗೆ ಹಾಕ್ತಿದೆ ಅಂದುಕೊಂಡಳು. ಐರಿಸ್ ಫೋನ್ ಮಾಡಿ, "ಹೇಗಿದೀಯೇ? ಹುಷಾರಾಗಿದೀಯ ತಾನೆ?" ಅಂದಾಗ ಮಾಮೂಲಿನಂತೆ, "ಪರ್ವಾಗಿಲ್ಲ ಕಣೇ, ನಡೀತಿದೆ" ಅಂದಳು.

ಇನ್ನು ಟಿಲ್ಲಿ ವಿಷಯ. ಬ್ರೆಟ್‌ನ ಮಗಳು, ಏಳು ವರ್ಷ, ಅಜ್ಜಿಯ ಪ್ರಾಣ. ಸ್ಕೂಲ್ ಬಿಟ್ಟ ಮೇಲೆ ಸೊಸೆ ಕಾರ್ಲೀ ಹೊಲದ ಕೆಲಸದಿಂದ ಬರೋವರೆಗೂ ಅಜ್ಜಿ ಮನೆಯಲ್ಲೇ ಇರುತ್ತಿದ್ದಳು. ಬೇಸಿಗೆ ಬರುವಷ್ಟರಲ್ಲಿ ಹುಡುಗಿಯ ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ತಮಟೆ. ಮುಖ ಬಿಳಿಚಿಕೊಂಡಿತು. ಕಳೆದ ವರ್ಷದ ಫ್ರಾಕು ಈ ವರ್ಷವೂ ಗಿಡ್ಡ ಆಗಿರಲಿಲ್ಲ. ವರ್ನಾ ಅವಳ ತೋಳು ಹಿಡಿದು ನೋಡಿದಳು. ಅದು ಅವಳದೇ ತೋಳು. ಕೂಸನ್ನು ಎತ್ತಲಾರದ ಆ ದಿನಗಳ ತೋಳು.

"ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ" ಅಂದಳು ವರ್ನಾ. "ಇದು ರಕ್ತದಲ್ಲಿ ಬರೋದು. ನಂಗಿದೆ, ಅವಳಿಗೂ ಇರ್ಬಹುದು."

ಕಾರ್ಲೀ ಪಾತ್ರೆ ಒರೆಸುತ್ತಿದ್ದವಳು ಬಟ್ಟೆಯನ್ನ ಮೇಜಿನ ಮೇಲೆ ಬಿಸಾಕಿದಳು. "ನೋಡಿ ವರ್ನಾ, ಡಾಕ್ಟರಿಗೆ ತೋರ್ಸಿದೀನಿ. ಸರಿಯಾಗಿ ತಿನ್ನಲ್ಲ, ಹಟ ಜಾಸ್ತಿ, ಟಾನಿಕ್ ಕೊಡಿ ಅಂದ್ರು. ನಿಮ್ಮ ವಿಷಯ ಹೇಳಿ, ನಂಗೂ ಗ್ಲುಟನ್ ಹುಚ್ಚು ಹಿಡಿದಿದೆ ಅನ್ನಿಸ್ಕೊಳ್ಳೋಕೆ ಇಷ್ಟ ಇಲ್ಲ."

"ಹುಚ್ಚಲ್ಲಮ್ಮ ಅದು."

"ಹೌದಾ? ಹಾಗಾದ್ರೆ ಕೇಳಿ. ಮಾವನ ಮಣ್ಣಿನ ದಿನ ಆ ಡಬ್ಬೀಲಿ ಇದ್ದಿದ್ದು ಮಾಮೂಲಿ ಸ್ಪಂಜ್ ಕೇಕು. ಅಕ್ಕಿಹಿಟ್ಟು ತರೋಕೆ ಪುರುಸೊತ್ತಾಗ್ಲಿಲ್ಲ, ಐರಿಸ್ ಅದನ್ನೇ ತುಂಬಿದ್ರು. ಎರಡು ಚೂರು ತಿಂದ್ರಿ. ಏನಾಯ್ತು ನಿಮಗೆ? ಏನೂ ಆಗ್ಲಿಲ್ಲ! ಊರಿಗೆಲ್ಲ ಗೊತ್ತು, ನಿಮಗೊಬ್ರಿಗೇ ಗೊತ್ತಿಲ್ಲ."

ಬ್ರೆಟ್ ಅಲ್ಲೇ ಬೂಟು ಕಳಚುತ್ತಾ ಕೂತಿದ್ದ, ತಲೆ ಎತ್ತಲಿಲ್ಲ. "ಬಿಡಮ್ಮ. ಮಗು ಮೇಲೆ ಯಾಕೆ ಹಾಕ್ತೀಯ ಅದನ್ನ" ಅಂದ.

ವರ್ನಾ ಬಾಗಿಲ ಕಡೆ ನಡೆದಳು. ಅವಳಿಗೆ ಉರಿದದ್ದು ಮೋಸಕ್ಕಷ್ಟೇ ಅಲ್ಲ. ಆ ವಾರ, ಗೋಡೆ ಹಿಡಿದು ಓಡಾಡಿದ ಆ ವಾರ, ಕ್ಲೆಮ್‌ಗಾಗಿ ತಾನು ಪಟ್ಟ ಸಂಕಟ ಅಂತ ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು. ಅದೂ ಐರಿಸ್‌ಳ ಕೇಕಿನ ಹಿಟ್ಟಿನ ಕೆಲಸವಾಗಿತ್ತು. ಗಂಡನಿಗಾಗಿ ದುಃಖಪಡೋದನ್ನೂ ಕಿತ್ತುಕೊಂಡರಲ್ಲ ಪಾಪಿಗಳು!

ನೇರ ಐರಿಸ್ ಮನೆಗೆ ಹೋದಳು. ಐರಿಸ್ ಬಟ್ಟೆ ಒಣಗಹಾಕುತ್ತಿದ್ದಳು. ಮುಖ ಒಂದು ಗಳಿಗೆ ಕಪ್ಪಿಟ್ಟಿತು, ಆಮೇಲೆ ದನಿ ಏರಿತು. "ನೂರೈವತ್ತು ಜನಕ್ಕೆ ಚಹಾ ಕಣೇ! ಎರಡು ಕೈ ನಂಗಿರೋದು. ಹೆದರ್ಕೊಂಡೇ ಕೊಟ್ಟೆ. ಅದಕ್ಕೇ ಫೋನ್ ಮಾಡಿ ಕೇಳಿದ್ದು. ಪರ್ವಾಗಿಲ್ಲ ಅಂದೋರು ಯಾರು, ನೀನಾ ನಾನಾ?"

"ನಾನೇ" ಅಂದಳು ವರ್ನಾ.

"ಮತ್ತೆ?"

ವರ್ನಾ ಮನೆಗೆ ವಾಪಸ್ಸು ನಡೆದಳು. ಆ ವಾರದ ಪಾಡನ್ನ ಈಗ ಹೇಳಿದರೆ ಯಾರು ನಂಬುತ್ತಾರೆ? ಮೊಮ್ಮಗಳಿಗೆ ಗುಟ್ಟಾಗಿ ಗೋಧಿ ತಪ್ಪಿಸೋಣ ಅಂದರೆ ಅದೂ ಆಗದು. ತಿನ್ನೋದು ಬಿಟ್ಟರೆ ರಕ್ತದಲ್ಲಿ ಕಾಯಿಲೆ ಕಾಣಿಸಲ್ಲ, ಪರೀಕ್ಷೆ ಸುಳ್ಳಾಗುತ್ತೆ. ಹಾಗಾಗಿ ದಿನಾ ಸಂಜೆ ತನ್ನ ಕೈಯಾರೆ ಟೋಸ್ಟ್ ಸುಟ್ಟು, ಬೆಣ್ಣೆ ಹಚ್ಚಿ ಟಿಲ್ಲಿ ಮುಂದೆ ಇಡುತ್ತಿದ್ದಳು. ಹುಡುಗಿ ಅರ್ಧ ತಿಂದು ಸಾಕು ಅನ್ನೋಳು. "ಹೊಟ್ಟೆ ನೋವಾ ಪುಟ್ಟಾ?" ಅಂದರೆ, ಟಿಲ್ಲಿ ಥೇಟ್ ಅಜ್ಜಿಯ ಹಾಗೇ, "ಪರ್ವಾಗಿಲ್ಲ ಅಜ್ಜಿ" ಅನ್ನೋಳು. ಜಾಣೆ, ಗಲಾಟೆ ಮಾಡದ ಮಗು ಅಂತ ವರ್ನಾಳೇ ಎಷ್ಟು ಸಲ ಹೊಗಳಿದ್ದಳೋ.

ಸುಗ್ಗಿ ಮುಗಿದ ಭಾನುವಾರ ಬ್ರೆಟ್ ಮನೆಯಲ್ಲಿ ಮಧ್ಯಾಹ್ನದ ಊಟ. ಚರ್ಚಿನಲ್ಲಿ ದೇವರ ಮುಂದಿಟ್ಟ ತೆನೆಕಟ್ಟಿನ ಬ್ರೆಡ್ಡಿನ ಪಾಲು ಮೇಜಿನ ಮಧ್ಯೆ ಇತ್ತು. ಹುರಿದ ಕುರಿಮಾಂಸ, ಆಲೂಗಡ್ಡೆ, ಹಿಟ್ಟು ಕದಡಿದ ಗಟ್ಟಿ ಗ್ರೇವಿ. ಪ್ರತಿ ವಾರ ತನ್ನ ಗ್ರೇವಿ ತಾನೇ ಬಾಟಲಿಯಲ್ಲಿ ತರುತ್ತಿದ್ದ ವರ್ನಾ ಈ ಸಲ ಬರಿಗೈಯಲ್ಲಿ ಬಂದಿದ್ದಳು. ಕೂತಳು. ಬ್ರೆಡ್ಡಿನ ದಪ್ಪ ಹೋಳು ಕತ್ತರಿಸಿದಳು, ಬೆಣ್ಣೆ ಹಚ್ಚಿದಳು, ತಿಂದಳು.

ಬ್ರೆಟ್‌ನ ಫೋರ್ಕು ಅಲ್ಲೇ ನಿಂತಿತು. "ಅಮ್ಮಾ?"

"ಏನು? ಹುಷಾರಾಗ್ಬಿಟ್ರಾ?" ಕಾರ್ಲೀ ನಕ್ಕಳು. ಅಣಕ ಇತ್ತು, ಜೊತೆಗೆ ಸ್ವಲ್ಪ ನೆಮ್ಮದಿಯೂ ಇತ್ತು. "ನೋಡಿದ್ಯಾ ಬ್ರೆಟ್? ನಾನು ಹೇಳಿರ್ಲಿಲ್ವಾ?"

"ನಮ್ಮದೇ ಗೋಧಿ ಅಲ್ವಾ" ಅಂದು ವರ್ನಾ ಇನ್ನೊಂದು ಹೋಳು ತೆಗೆದುಕೊಂಡು ಗ್ರೇವಿಯಲ್ಲಿ ಅದ್ದಿದಳು. ಎಷ್ಟೋ ವರ್ಷದ ಮೇಲೆ ನಾಲಿಗೆಗೆ ತಾಕಿದ ರುಚಿ. ಹಾಳಾದ್ದು, ಚೆನ್ನಾಗಿತ್ತು! ಟಿಲ್ಲಿ ಮಾತ್ರ ನಗಲಿಲ್ಲ, ಅಜ್ಜಿಯ ಬಾಯನ್ನೇ ನೋಡುತ್ತಾ ಕೂತಿದ್ದಳು.

ಊಟ ಮುಗಿಯಿತು, ಪಾತ್ರೆ ತೊಳೆದಾಯಿತು. ವರ್ನಾ ಮನೆಗೆ ಹೊರಡಲಿಲ್ಲ. ಟಿಲ್ಲಿಯನ್ನ ನಾಯಿ ಜೊತೆ ಆಡಿಕೋ ಹೋಗು ಅಂತ ಹೊರಗೆ ಕಳಿಸಿ, ಅಡುಗೆಮನೆಯ ಕುರ್ಚಿಯಲ್ಲೇ ಕೈ ಕಟ್ಟಿ ಕೂತಳು. ಬ್ರೆಟ್ ಟಿವಿಯಲ್ಲಿ ಕ್ರಿಕೆಟ್ ಹಾಕಿದ. ಚಹಾದ ಹೊತ್ತಿಗೆ ಅವಳ ಹಣೆಯಲ್ಲಿ ತಣ್ಣನೆ ಬೆವರು ಒಡೆಯಿತು. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಎದ್ದು ಅಡುಗೆಮನೆ ಪಕ್ಕದ ಬಚ್ಚಲಿಗೆ ಹೋದಳು. ಕೈ ತನ್ನಷ್ಟಕ್ಕೆ ಚಿಲಕಕ್ಕೆ ಹೋಯಿತು. ಆ ಕೈಯನ್ನ ಹಿಂದಕ್ಕೆಳೆದುಕೊಂಡಳು. ಬಾಗಿಲನ್ನ ಗೋಡೆಗೆ ತಾಗುವಷ್ಟು ತೆರೆದಿಟ್ಟಳು. ನಲ್ಲಿಯನ್ನ ಮುಟ್ಟಲಿಲ್ಲ.

ಆಮೇಲೆ ಬಂದ ಸದ್ದಿಗೆ ಮೊದಲು ಓಡಿ ಬಂದವಳು ಕಾರ್ಲೀ. ಹಿಂದೆಯೇ ಬ್ರೆಟ್. ಅಮ್ಮ ನೆಲದ ಮೇಲೆ ಮಂಡಿಯೂರಿ, ಕಮೋಡಿನ ಪಿಂಗಾಣಿ ತಬ್ಬಿಕೊಂಡು, ಬಟ್ಟೆಯ ಮಾನವೂ ಉಳಿಯದ ಹಾಗೆ ಬಿದ್ದಿದ್ದಳು. ಕರುಳೇ ಕಿತ್ತು ಬರೋ ಹಾಗೆ ವಾಂತಿ, ನಡುವೆ ನರಳಾಟ, ಮತ್ತೆ ವಾಂತಿ. ಬ್ರೆಟ್ ಹೊಸ್ತಿಲಲ್ಲೇ ನಿಂತ. ಹುಟ್ಟಿದಾಗಿನಿಂದ ಅಮ್ಮನನ್ನ ಹೀಗೆ ಕಂಡಿರಲಿಲ್ಲ.

"ಅಮ್ಮಾ... ಇಷ್ಟು ವರ್ಷ ಯಾಕಮ್ಮಾ ಹೇಳ್ಲಿಲ್ಲ?"

ವರ್ನಾ ತಲೆ ಎತ್ತಿ ಅವನನ್ನ ನೋಡಿದಳು. ಹೇಳಲಿಲ್ಲವಂತೆ! ಗೋಧಿ ಆಗಲ್ಲ ಅಂತ ಹೇಳಿ ಹೇಳಿ ನಾಲಿಗೆ ಸವೆದಿತ್ತು. ಏನಾದರೂ ಅನ್ನೋಣ ಅಂದರೆ ಮತ್ತೊಂದು ಸಲ ಹೊಟ್ಟೆ ತಿರುಚಿತು.

ಅಷ್ಟರಲ್ಲಿ ಅಪ್ಪ ಅಮ್ಮನ ಮಧ್ಯೆ ತೂರಿಕೊಂಡು ಟಿಲ್ಲಿ ಒಳಗೆ ಬಂದಳು. ಹೆದರಲಿಲ್ಲ, ಅಳಲಿಲ್ಲ. ತುದಿಗಾಲಲ್ಲಿ ನಿಂತು, ಕಡ್ಡಿಯಂಥ ಕೈ ಚಾಚಿ, ನಲ್ಲಿಯನ್ನ ಪೂರ್ತಿ ತಿರುಗಿಸಿದಳು. ನೀರು ಭೋರ್ ಅಂತ ಬಿತ್ತು.

"ನಲ್ಲಿ ಬಿಡೋದು ಮರೆತ್ಬಿಟ್ಯಾ ಅಜ್ಜಿ?" ಅಂದಳು ಬೆನ್ನು ಸವರುತ್ತಾ. "ಬಿಟ್ರೆ ಯಾರ್ಗೂ ಕೇಳ್ಸಲ್ಲ. ನಾನು ದಿನಾ ಬಿಡ್ತೀನಲ್ಲ."

ಕಾರ್ಲೀ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಕುಸಿದು ಕೂತಳು. ಬ್ರೆಟ್ ಬಗ್ಗಿ ನಲ್ಲಿ ನಿಲ್ಲಿಸಿದ.