ಸೂರಿಲ್ಲದ ಬಚ್ಚಲು

ಮೊನ್ನೆ ನಮ್ಮ ಮನೆಯಲ್ಲಿ ಲೋಬಾನದ ವಾಸನೆ ಎದ್ದಿತು. ತಂಗಿಯ ಮಗಳು ಬಾಣಂತನಕ್ಕೆ ನಮ್ಮಲ್ಲಿಗೇ ಬಂದಿದ್ದಾಳೆ. ಅವಳನ್ನು ನೋಡಲು ಹಡಗಲಿಯಿಂದ ಬಂದಿದ್ದ ಅವಳ ಅತ್ತೆ, ಕೂಸಿಗೆ ಹಾಕಲೆಂದು ಕೆಂಡದ ಮೇಲೆ ಒಂದು ಚಿಟಿಕೆ ಉದುರಿಸಿದ್ದರು. ಹುಡುಗಿ ಒಳಗಿಂದಲೇ ಕೂಗಿದಳು. "ಅತ್ತಿ, ಹೊಗಿ ಹಾಕಬ್ಯಾಡ ಅಂತ ಡಾಕ್ಟ್ರು ಹೇಳ್ಯಾರ್ರಿ. ಕೂಸಿನ ಎದಿಗೆ ಆಗಿಬರಂಗಿಲ್ಲಂತ." ಅತ್ತೆ ಗೊಣಗುತ್ತಾ ಕೆಂಡಕ್ಕೆ ನೀರು ಚಿಮುಕಿಸಿದರು. ಡಾಕ್ಟರು ಹೇಳಿದ್ದು ಸರಿಯೇ ಇದ್ದೀತು, ನಾನು ಅದಕ್ಕೆ ಎದುರಾಡುವವಳಲ್ಲ. ಆದರೆ ಹೊಗೆ ಆರಿದ ಮೇಲೂ ವಾಸನೆ ನಡುಮನೆಯಲ್ಲಿ ಕೂತೇ ಇತ್ತು... ಹೋಗಲಿ ಅಂತ ಕಿಟಕಿ ತೆರೆದೆ. ಎದುರಿಗೆ ಆ ಮನೆ ಕಂಡಿತು.

ಆ ಮನೆಯಲ್ಲಿದ್ದವಳನ್ನು ಓಣಿಯವರೆಲ್ಲ ಚಿಗವ್ವ ಅನ್ನುತ್ತಿದ್ದರು. ಯಾರಿಗೆ ಚಿಗವ್ವ, ಯಾವ ಸಂಬಂಧದಲ್ಲಿ ಅಂತ ಯಾರೂ ಕೇಳಿದವರಲ್ಲ. ಕೂಡ್ಲಿಗಿಯ ನಮ್ಮ ಓಣಿಯಲ್ಲಾಗಲಿ ಹಿಂದಿನ ಓಣಿಯಲ್ಲಾಗಲಿ ಹೆರಿಗೆಯಾದರೆ ತಾಯಿಗೂ ಕೂಸಿಗೂ ನೀರು ಎರೆಯುವುದು ಆಕೆಯೇ. ಕರೆದವರ ಮನೆಗೆ ಹೋಗುತ್ತಿರಲಿಲ್ಲ, ತನ್ನ ಬಚ್ಚಲಿಗೇ ಕರೆಸಿಕೊಳ್ಳುತ್ತಿದ್ದಳು. ಬೇರೆಯವರ ಬಚ್ಚಲಲ್ಲಿ ತನ್ನ ಕೈ ಓಡುವುದಿಲ್ಲ ಅನ್ನುವಳು.

ಆ ಬಚ್ಚಲನ್ನು ನೀವು ನೋಡಬೇಕಿತ್ತು. ಮೂರು ಕಡೆ ಆಳೆತ್ತರದ ಕಲ್ಲು ಬಂಡೆ ನಿಲ್ಲಿಸಿದ್ದರು, ನಾಲ್ಕನೇ ಕಡೆ ಗೋಣಿಚೀಲದ ಪರದೆ. ಮೂಲೆಯಲ್ಲಿ ಮಸಿ ಹಿಡಿದ ದೊಡ್ಡ ಹಂಡೆ, ಅದರ ಕೆಳಗೆ ಬಳ್ಳಾರಿ ಜಾಲಿಯ ಕಟ್ಟಿಗೆ, ಪಕ್ಕದಲ್ಲಿ ಲೋಬಾನ ಹಾಕುವ ಕೆಂಡದ ಕುಡಿಕೆ. ಮೇಲೆ ಏನೂ ಇಲ್ಲ, ಬರೀ ಆಕಾಶ. ಸೂರು ಯಾಕಿಲ್ಲ ಅಂದರೆ, "ಎಳೆ ಬಿಸಿಲು ಬೀಳಬೇಕವ್ವಾ ಕೂಸಿನ ಮೈಗೆ. ಹಬಿ ಹೊರಗ ಹೋಗಬೇಕು. ಒಳಗ ಹಾಕಿ ಬೇಯಿಸಾಕ ಅದೇನು ಗೆಣಸೇನು?" ಅನ್ನುವಳು.

ನನ್ನವ್ವ ನನ್ನ ಮದುವೆಗೆ ಮುಂಚೆಯೇ ಹೋಗಿಬಿಟ್ಟಿದ್ದಳು. ಹಾಗಾಗಿ ನನಗೆ ತವರಿನ ಬಾಣಂತನ ಅಂತ ಒಂದು ಇರಲಿಲ್ಲ. ಮಗಳು ಹುಟ್ಟಿದಾಗ ಚಿಗವ್ವನೇ ಬಂದು, "ಏಳು ಮಗಳ, ನೀರು ಕಾದೈತಿ" ಅಂತ ಕೈ ಹಿಡಿದು ನಡೆಸಿಕೊಂಡು ಹೋದಳು. ಬೆನ್ನಿನ ಮೇಲೆ ಸುಡು ಸುಡು ನೀರು ಎತ್ತಿ ಎತ್ತಿ ಹಾಕುವಳು, ಅಂಗೈಯಿಂದ ಸೊಂಟಕ್ಕೆ ಬಡಿಯುವಳು. ನನಗೆ ಆ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಯಾಕಂತ ಕೇಳಿದರೆ ಹೇಳಲು ಒಂದು ಕಾರಣವಿಲ್ಲ. ಮನೆಯಲ್ಲಿ ಅತ್ತರೆ ದೊಡ್ಡ ಸುದ್ದಿಯಾಗುತ್ತದೆ ಅಂತ ನುಂಗಿಕೊಂಡಿರುತ್ತಿದ್ದೆ. ಮೊದಲ ದಿನವೇ ಆಕೆಗೆ ಅದು ಹೇಗೆ ತಿಳಿಯಿತೋ... "ನೀರು ಹಾಕುವಾಗ ಅತ್ತುಬಿಡು. ಇಲ್ಲಿ ಯಾರು ನೋಡ್ತಾರ?" ಅಂದಳು. ಅತ್ತುಬಿಟ್ಟೆ. ದಿನಾ ಅಳುತ್ತಿದ್ದೆ. ಆಕೆ ಒಂದು ಮಾತು ಕೇಳಲಿಲ್ಲ, ಇನ್ನೊಬ್ಬರ ಮುಂದೆ ಒಂದು ಮಾತು ಆಡಲಿಲ್ಲ. ಓಣಿಯ ಎಷ್ಟು ಹೆಣ್ಣುಮಕ್ಕಳು ಆ ಕಲ್ಲಿನ ಮೇಲೆ ಕೂತು ಎಂಥೆಂಥ ಮಾತು ಹೇಳಿಕೊಂಡಿದ್ದಾರೋ, ಎಲ್ಲವೂ ಮೋರಿಯ ನೀರಿನ ಜೊತೆಗೇ ಹೋದವು.

ಆಮೇಲೆ ನನಗೆ ಶಾಲೆಯ ಕೆಲಸ ಕಾಯಂ ಆಯಿತು. ಮನೆಯ ಮೇಲೆ ಇನ್ನೊಂದು ಮಹಡಿ ಎದ್ದಿತು. ಗೇಟಿನ ಹೊರಗೆ ನಿಲ್ಲಿಸಿದ ಗಾಡಿಯಿಂದ ಪೆಟ್ರೋಲು ಕದಿಯುವುದು ಶುರುವಾದಾಗ ನಮ್ಮ ಮನೆಯವರು ಕೊಟ್ಟೂರಿನಿಂದ ಒಬ್ಬ ಹುಡುಗನನ್ನು ಕರೆಸಿ ಮೇಲಿನ ಮಾಳಿಗೆಯ ಮೂಲೆಗೆ ಸಿಸಿ ಕ್ಯಾಮೆರಾ ಹಾಕಿಸಿದರು. ಓಣಿಗೆ ಅದೇ ಮೊದಲನೆಯದು. ಬಂದವರೆಲ್ಲ ಕೆಳಗೆ ನಿಂತು ಕತ್ತೆತ್ತಿ ನೋಡಿದ್ದೇ ನೋಡಿದ್ದು.

ಚಿಗವ್ವನೂ ಸೆರಗು ಹಣೆಗೆ ಅಡ್ಡ ಹಿಡಿದು ನೋಡಿದಳು. "ಇದೇನೋ ತಮ್ಮಾ, ಮಾಳಿಗಿ ಮ್ಯಾಲೆ ಹೊಸ ಅಳಿಯನ್ನ ಕುಂದ್ರಿಸೀಯಲ್ಲ! ಊಟಕ್ಕ ಏನು ಹಾಕ್ತೀ?"

"ಕರೆಂಟು, ಚಿಗವ್ವ" ಅಂದರು ನಮ್ಮ ಮನೆಯವರು.

"ಹಂಗಾರ ನಮ್ಮೂರಾಗ ಉಪವಾಸ ಬೀಳ್ತಾನ ಬಿಡು."

ನಾವೆಲ್ಲ ನಕ್ಕೆವು. ನಮ್ಮ ಮನೆಯವರಿಗೆ ಇಂಥ ವಿಷಯ ಸಿಕ್ಕರೆ ಭಾಷಣವೇ. ಸರ್ಕಾರ ಎಲ್ಲರ ಬೆರಳಿನ, ಕಣ್ಣಿನ ಗುರುತು ತಗೊಂಡಿದ್ದು ಒಳ್ಳೆಯದಕ್ಕೇ, ಇನ್ನು ಕಳ್ಳರು ಉಳಿಯೋದಿಲ್ಲ, ತಪ್ಪು ಮಾಡದವರಿಗೆ ಏನು ಭಯ ಅಂತ ಅವರು ಹೇಳುತ್ತಿದ್ದರೆ ನಾನೂ ತಲೆಯಾಡಿಸುತ್ತಿದ್ದೆ. ಚಿಗವ್ವ ಮಾತ್ರ, "ಭಯ ಯಾರಿಗೈತೋ ನಿನಗ? ನಾಚಿಕಿ ಅಂತ ಬ್ಯಾರೆ ಒಂದೈತಿ. ಪಿಂಚಣಿಗೆ ಬೆರಳು ಒತ್ತಿಸಿಕೊಂಡ್ರು, ಕೊಟ್ಟೆ. ಕಣ್ಣು ಅಗಲ ಮಾಡು ಅಂದ್ರು, ಮಾಡಿದೆ. ಬೆನ್ನೊಂದಾದ್ರೂ ನನ್ನದು ಅಂತ ಇರ್ಲಿ" ಅಂದಳು. ಮತ್ತೆ ನಗು.

ಮಾರನೇ ದಿನ ನಲ್ಲಿಯ ಹತ್ತಿರ ನಾನೊಬ್ಬಳೇ ಇದ್ದಾಗ ಕೊಡ ಇಳಿಸಿ ಹತ್ತಿರ ಬಂದಳು. ಈ ಸಲ ನಗುತ್ತಿರಲಿಲ್ಲ.

"ಮಗಳ, ಅದು ಎಲ್ಲಿ ತನಕ ನೋಡ್ತೈತಿ? ನಮ್ಮ ಬಚ್ಚಲು ಕಾಣಂಗಿಲ್ಲ ಹೌದಿಲ್ಲೋ?"

ಕಾಣುತ್ತದೆ ಅಂತ ನನಗೆ ಗೊತ್ತಿತ್ತು. ಹಿಂದಿನ ಸಂಜೆಯೇ ಮೊಬೈಲಿನಲ್ಲಿ ನೋಡಿದ್ದೆ. ಚಿತ್ರದ ಎಡಗಡೆ ತುದಿಯಲ್ಲಿ, ಉಗುರಿನಷ್ಟು ಜಾಗದಲ್ಲಿ, ಎರಡು ಬಂಡೆ, ಹಂಡೆಯ ಬಾಯಿ, ಒಂದಿಷ್ಟು ಒದ್ದೆ ನೆಲ. ಕ್ಯಾಮೆರಾ ಸ್ವಲ್ಪ ಹೊರಳಿಸಬೇಕೆಂದರೆ ಕೊಟ್ಟೂರಿನ ಹುಡುಗನಿಗೆ ಮತ್ತೆ ಹೇಳಿ ಕಳಿಸಬೇಕು, ಮನೆಯವರು ಸಿಡುಕುತ್ತಾರೆ. ಇಷ್ಟು ಚಿಕ್ಕದರಲ್ಲಿ ಯಾರ ಮುಖ ಯಾರಿಗೆ ತಿಳಿದೀತು ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

"ಇಲ್ಲ ಚಿಗವ್ವ. ನಮ್ಮ ಗೇಟಿನ ತನಕ ಅಷ್ಟೇ" ಅಂದೆ.

"ಅಷ್ಟಾದ್ರ ಸಾಕು ಬಿಡವ್ವಾ" ಅಂದು ಕೊಡ ಎತ್ತಿಕೊಂಡು ಹೋದಳು. ನಾನು ಟೀಚರು. ನನ್ನ ಮಾತನ್ನು ಇನ್ನೊಬ್ಬರ ಹತ್ತಿರ ಕೇಳಿ ತಾಳೆ ನೋಡಬೇಕು ಅಂತ ಆಕೆಗೆ ಅನಿಸಿರಲಿಕ್ಕಿಲ್ಲ.

ಆ ಚಳಿಗಾಲದಲ್ಲಿ ಹಿಂದಿನ ಓಣಿಯ ಹುಡುಗಿಯೊಬ್ಬಳು ಹೆರಿಗೆಗೆ ತವರಿಗೆ ಬಂದಿದ್ದಳು. ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದರು. ಅವಳ ಅಣ್ಣನದು ಕುರಿ ಸಾಕುವ ಮನೆ. ದಿನಾ ಬೆಳಿಗ್ಗೆ ತಲೆಗೆ ಬಟ್ಟೆ ಬಿಗಿದುಕೊಂಡು, ಕೂಸನ್ನು ಎತ್ತಿಕೊಂಡು ಅವಳು ಚಿಗವ್ವನ ಪರದೆಯ ಒಳಗೆ ಹೋಗುವುದನ್ನು ನಾನು ಶಾಲೆಗೆ ಹೊರಡುವಾಗ ನೋಡುತ್ತಿದ್ದೆ. ನೋಡಿದಾಗಲೆಲ್ಲ ನಮ್ಮ ಮಾಳಿಗೆಯ ಮೂಲೆಯ ಕಡೆಗೆ ಕಣ್ಣು ಹೋಗುತ್ತಿತ್ತು. ನಾಳೆ ಕೊಟ್ಟೂರಿನ ಹುಡುಗನಿಗೆ ಫೋನು ಮಾಡಿದರಾಯಿತು ಅಂದುಕೊಂಡು ಬಸ್ಸು ಹತ್ತುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ, ಮೇಯಲು ಹೊರಟಿದ್ದ ಅವರ ಕುರಿಗೆ ಟಂಟಂ ಆಟೊ ಒಂದು ಗುದ್ದಿ ಓಡಿಹೋಯಿತು. ಗಬ್ಬದ ಕುರಿ, ನಮ್ಮ ಗೇಟಿನ ಮುಂದೆಯೇ ಬಿದ್ದು ಸತ್ತಿತು. ಆ ಹುಡುಗಿಯ ಅಣ್ಣ ನಾಲ್ಕಾರು ಜನರನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದ. "ಅಣ್ಣಾರ, ನಿಮ್ಮ ಕ್ಯಾಮೆರಾದಾಗ ಗಾಡಿ ಬಿದ್ದಿರತೈತಿ, ತೋರಿಸ್ರಿ. ಅವನ್ನ ಬಿಡಂಗಿಲ್ಲ." ನಮ್ಮ ಮನೆಯವರಿಗೆ ಎಲ್ಲಿಲ್ಲದ ಉಮೇದು. ಮೊಬೈಲಿನಲ್ಲಿ ಸಣ್ಣದು ಕಾಣುತ್ತದೆ, ತಡೀರಿ ಅಂತ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ಟಿವಿಗೆ ಜೋಡಿಸಿದರು. ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ. ಟಿವಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಒಲೆ ಆರಿಸಿ ಓಡಿದೆ. ಹೊರಗೆ ಬರುವಷ್ಟರಲ್ಲಿ ಆಗಿಹೋಗಿತ್ತು.

ಮೊಬೈಲಿನಲ್ಲಿ ಉಗುರಿನಷ್ಟಿದ್ದದ್ದು ಟಿವಿಯಲ್ಲಿ ಕಿಟಕಿಯಷ್ಟಾಗಿತ್ತು. ನಡುವೆ ಖಾಲಿ ರಸ್ತೆ, ಕುರಿಗಳು ಇನ್ನೂ ಬಂದಿಲ್ಲ. ಎಡಗಡೆ ಬಂಡೆಗಳ ನಡುವೆ ಹಬೆ ಏಳುತ್ತಿದೆ. ಚಿಗವ್ವ ಚೊಂಬು ಎತ್ತುತ್ತಿದ್ದಾಳೆ. ಅವಳ ಮುಂದೆ ಕೂತವಳ ಬರಿ ಬೆನ್ನು... ಆ ಹುಡುಗಿ ಯಾಕೋ ತಲೆ ಎತ್ತಿ ಆಕಾಶ ನೋಡಿದಳು. ಮುಖ ನೇರವಾಗಿ ನಮ್ಮ ನಡುಮನೆಯ ಕಡೆಗೇ ತಿರುಗಿತು.

ಹಿಂದೆ ಕೂತ ಒಬ್ಬ ಕೆಮ್ಮಿದ. ಅವಳ ಅಣ್ಣ ಎದ್ದು ಟಿವಿಯ ವೈರನ್ನೇ ಕಿತ್ತುಹಾಕಿ, ನಮಗೆ ಒಂದು ಮಾತೂ ಹೇಳದೆ, ನೇರವಾಗಿ ಚಿಗವ್ವನ ಬಾಗಿಲಿಗೆ ಹೋದ.

"ಏ ಮುದುಕಿ! ನಮ್ಮ ತಂಗೀನ ಕ್ಯಾಮೆರಾದ ಮುಂದ ಕುಂದ್ರಿಸಿ ಎರೀತೀಯೇನು? ಮ್ಯಾಲೆ ಅದು ಕುಂತೈತಿ ಅನ್ನೋ ಖಬರಿಲ್ಲೇನು ನಿನಗ?"

ಚಿಗವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಎದ್ದಳು. ಮೊದಲು ಅವನನ್ನು ನೋಡಿದಳು, ಆಮೇಲೆ ನಮ್ಮ ಮಾಳಿಗೆಯ ಮೂಲೆಯನ್ನು, ಆಮೇಲೆ ನನ್ನನ್ನು. ನಾನು ನಮ್ಮ ಗೇಟು ಹಿಡಿದು ನಿಂತಿದ್ದೆ. ಓಣಿಯೇ ಸೇರಿತ್ತು. ಆಕೆ ಕಾಯ್ದಳು. 'ಕಾಣೋದಿಲ್ಲ ಅಂತ ಹೇಳಿದ್ದು ನಾನು' ಅಂತ ಒಂದು ಮಾತು ನನ್ನ ಬಾಯಿಂದ ಬರಲಿ ಅಂತ ಕಾಯ್ದಳು. ಬರಲಿಲ್ಲ. ನಮ್ಮ ಮನೆಯವರು ಪಕ್ಕದಲ್ಲಿದ್ದರು, ನನ್ನ ಶಾಲೆಯ ಮಕ್ಕಳ ತಾಯಂದಿರಿದ್ದರು... ಬರಲಿಲ್ಲ.

"ನಂದೇ ತಪ್ಪಪ್ಪಾ" ಅಂದಳು ಚಿಗವ್ವ. "ಮ್ಯಾಲೆ ನೋಡಿಲ್ಲ ನಾನು."

ಅಷ್ಟೇ. ಅವತ್ತು ಮಧ್ಯಾಹ್ನವೇ ಕೊಟ್ಟೂರಿನ ಹುಡುಗ ಬಂದ, ಕ್ಯಾಮೆರಾ ಹೊರಳಿಸಿದ. ನೋಡನೋಡುವಷ್ಟರಲ್ಲಿ ಮುಗಿದ ಕೆಲಸ. ಈಗ ನಿಜವಾಗಿಯೂ ಅದು ಗೇಟಿನ ತನಕ ಮಾತ್ರ ನೋಡುತ್ತಿತ್ತು. ನಂಬುವವರು ಯಾರು? ಕೆಳಗೆ ನಿಂತವರಿಗೆ ಅದು ಎತ್ತ ನೋಡುತ್ತದೆ ಅಂತ ಹೇಗೆ ಗೊತ್ತಾಗಬೇಕು? ಚಿಗವ್ವನ ಮಗ ಬಚ್ಚಲ ಮೇಲೆ ತಗಡು ಹೊದಿಸಿದ. ಆದರೂ ಬಾಣಂತಿಯರು ಬರಲಿಲ್ಲ. ನಮ್ಮ ಮನೆಯ ಮೇಲೆ ಯಾರೂ ಕೂಗಾಡಲಿಲ್ಲ ನೋಡಿ, ಕ್ಯಾಮೆರಾ ಅಂದರೆ ಅದರ ಕೆಲಸವೇ ನೋಡುವುದು ಅಂದುಕೊಂಡರು. ಹೆಣ್ಣುಮಕ್ಕಳ ಮಾನ ಕಾಯಬೇಕಾದವಳು ಕಾಯಲಿಲ್ಲ ಅನ್ನುವ ಮಾತು ಮಾತ್ರ ಆಕೆಯ ಮೇಲೆ ಉಳಿಯಿತು. ಇಡೀ ಜೀವಮಾನ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳದವಳ ಮೇಲೆ.

ನನ್ನ ಮೇಲೆ ಆಕೆ ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಎದುರು ಸಿಕ್ಕಾಗ, "ಸಾಲಿಗೆ ಹೊಂಟ್ರೇನು ಟೀಚರ್?" ಅಂತ ಮಾತಾಡಿಸುವಳು. ಮಗಳ ಅನ್ನುವುದು ಬಿಟ್ಟುಬಿಟ್ಟಳು. ನನಗೆ 'ರಿ' ಹಚ್ಚತೊಡಗಿದಳು. ಓಣಿಯಲ್ಲಿ ಬೇರೆ ಯಾರಿಗೂ ಅದು ಗೊತ್ತಾಗಲಿಲ್ಲ, ಮರ್ಯಾದೆ ಕೊಡುತ್ತಾಳೆ ಅಂದುಕೊಂಡರು. ಎಷ್ಟೋ ಸಲ ಹೇಳಿಬಿಡಬೇಕು ಅಂತ ಆಕೆಯ ಕಟ್ಟೆಯ ತನಕ ಹೋಗಿ, ಕರಿಬೇವು ಕೇಳಿಕೊಂಡು ವಾಪಸು ಬಂದಿದ್ದೇನೆ.

ಆಮೇಲೆ ಒಂದು ಬೇಸಿಗೆಯಲ್ಲಿ ಚಿಗವ್ವ ಮಲಗಿದ್ದವಳು ಏಳಲಿಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆಯಬೇಕಲ್ಲ. ಅಂಗಳದಲ್ಲಿ ಹಲಗೆ ಹಾಕಿ ಆಕೆಯನ್ನು ಮಲಗಿಸಿದರು. ಹೆಂಗಸರು ಸುತ್ತ ನಿಂತು ಸೀರೆಗಳನ್ನು ಅಗಲವಾಗಿ ಹಿಡಿದು ಮರೆ ಮಾಡಿದರು. ಆಕೆಯ ಕೈಯಿಂದ ಎರೆಸಿಕೊಂಡವರೆಲ್ಲ ಒಂದೊಂದು ಚೊಂಬು ಹಾಕಲು ಸಾಲಾಗಿ ನಿಂತಿದ್ದರು. ಆ ಹಿಂದಿನ ಓಣಿಯ ಹುಡುಗಿಯೂ ಬಂದಿದ್ದಳು. ನಾನೂ ನಿಂತಿದ್ದೆ. ಚೊಂಬು ಕೈಗೆ ಬಂತು. ಅಷ್ಟರಲ್ಲಿ ಚಿಗವ್ವನ ಸೊಸೆ ತಲೆ ಎತ್ತಿ ಮೇಲೆ ನೋಡಿದಳು. ಒಬ್ಬಳು ನೋಡಿದ್ದಕ್ಕೆ ಎಲ್ಲರೂ ನೋಡಿದರು.

"ಟೀಚರ್, ನೀವು ಮ್ಯಾಲೆ ಹೋಗ್ರಿ" ಅಂದಳು ಸೊಸೆ. ಸಿಟ್ಟಿರಲಿಲ್ಲ, ಕೇಳಿಕೊಳ್ಳುವ ದನಿ. "ಹೋಗಿ ಅದಕ್ಕ ಏನರ ಮುಚ್ಚಿರ್ರಿ. ಎಲ್ಲಾ ಆಗೂ ತನಕ ಅಲ್ಲೇ ನಿಂತಿರ್ರಿ."

ಅದು ಈ ಕಡೆ ನೋಡುವುದಿಲ್ಲ. ಆಗ ಅದು ನಿಜವಾಗಿದ್ದ ಮಾತು. ಹೇಳಲು ಬಾಯಿ ತೆರೆದೆ. ಇದೇ ಮಾತನ್ನು ಇದೇ ಬಾಯಿಂದ ಒಮ್ಮೆ ಹೇಳಿದ್ದೆ, ಕೇಳಿಸಿಕೊಂಡವಳು ಹಲಗೆಯ ಮೇಲಿದ್ದಳು. ಚೊಂಬನ್ನು ಹಿಂದಿನವಳ ಕೈಗೆ ಕೊಟ್ಟು ಮೇಲೆ ಹೋದೆ. ಟವೆಲ್ಲು ಸುತ್ತಿ, ಅದರ ಮೇಲೆ ಎರಡೂ ಕೈ ಒತ್ತಿ ಹಿಡಿದು, ಅಂಗಳಕ್ಕೆ ಬೆನ್ನು ಮಾಡಿ ನಿಂತೆ. ಕೆಳಗೆ ನೀರು ಬೀಳುವ ಸಪ್ಪಳ. ಒಂದು ಚೊಂಬು, ಮತ್ತೊಂದು... ಆಕೆಗೆ ನೀರು ಹಾಕದೆ ಉಳಿದವಳು ನಾನೊಬ್ಬಳೇ.

ಆ ಕ್ಯಾಮೆರಾ ಈಗಿಲ್ಲ. ನಾವು ತೆಗೆಸಲಿಲ್ಲ, ಸಿಡಿಲಿಗೆ ಕೆಟ್ಟಿತು, ರಿಪೇರಿ ಮಾಡಿಸಲು ನಾನು ಬಿಡಲಿಲ್ಲ. ಓಣಿಯ ಬೇರೆ ಮನೆಗಳಲ್ಲಿ ಈಗ ಬೇಕಾದಷ್ಟಿವೆ, ಯಾರೂ ಕತ್ತೆತ್ತಿ ನೋಡುವುದಿಲ್ಲ. ಕೂಸಿಗೆ ನೀರು ಹಾಕುವುದೂ ಎಲ್ಲರ ಮನೆಯಲ್ಲಿ ಒಳಗೇ, ಟೈಲ್ಸ್ ಹಾಕಿದ ಬಾತ್‌ರೂಮಿನಲ್ಲಿ. ನಮ್ಮಲ್ಲೂ ಹಾಗೇ.

ಬಂದಾಗಿನಿಂದ ಕೂಸಿಗೆ ನೀರು ಹಾಕುತ್ತಿದ್ದ ಹುಡುಗಿಯ ಅತ್ತೆ ಅವತ್ತೇ ಸಂಜೆಯ ಬಸ್ಸಿಗೆ ಹಡಗಲಿಗೆ ಹೊರಟುಹೋದರು. ಮಾರನೇ ಬೆಳಿಗ್ಗೆ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಹುಡುಗಿ ಕೇಳಿದಳು. "ದೊಡ್ಡವ್ವ, ನನಗ ಹೆದರಿಕಿ. ಈ ಓಣ್ಯಾಗ ಎರಿಯಾಕ ಬರೋರು ಯಾರೂ ಇಲ್ಲೇನು?"

"ಇಲ್ಲವ್ವಾ" ಅಂದೆ.

ಅವಳು ಮೊಬೈಲು ತೆಗೆದು ಗೋಡೆಗೆ ಒರಗಿಸಿಟ್ಟಳು. ಅದರಲ್ಲಿ ಯಾರೋ ಹೆಂಗಸು, ಯಾವುದೋ ಭಾಷೆಯಲ್ಲಿ, ಪ್ಲಾಸ್ಟಿಕ್ಕಿನ ಗೊಂಬೆಗೆ ನೀರು ಹಾಕಿ ತೋರಿಸುತ್ತಿದ್ದಳು. "ನೀರಿನ ಬಿಸಿ ನೀವೇ ನೋಡ್ರಿ ದೊಡ್ಡವ್ವ, ನಿಮಗ ಗೊತ್ತಿರತೈತಿ" ಅಂದಳು. ಬಕೆಟ್ಟಿಗೆ ಕೈ ಅದ್ದಿದೆ. ನನ್ನ ಮಗಳ ನೀರಿನ ಬಿಸಿಯನ್ನೂ ಚಿಗವ್ವನೇ ನೋಡುತ್ತಿದ್ದಳು. ಸಾಕೋ, ಹೆಚ್ಚಾಯಿತೋ, ಕೂಸಿನ ಮೈಗೆ ಎಷ್ಟಿರಬೇಕೋ... ಅದ್ದಿದ ಕೈ ಹಾಗೇ ಇತ್ತು, ನನಗೆ ತಿಳಿಯಲಿಲ್ಲ.