ಫ್ರಿಜ್‌ನಲ್ಲಿಟ್ಟ ರಕ್ತನಾಳ

ನಮ್ಮ ಮನೆಯಲ್ಲಿ ಏನಾದರೂ ಕಾಣೆಯಾದರೆ ಹೆಂಡತಿ ಮೊದಲು ಹುಡುಕುವುದು ಫ್ರಿಜ್‌ನಲ್ಲಿ. ಹೈದರಾಬಾದಿನ ಬೇಸಿಗೆಗೆ ಹೆದರಿ ನಾನು ತಲೆನೋವಿನ ಮಾತ್ರೆ, ಮೇಣದ ಬತ್ತಿ, ಒಮ್ಮೆ ಅಂಟಿನ ಟ್ಯೂಬನ್ನೂ ಅಲ್ಲಿಟ್ಟು ಕಾಪಾಡಿದ್ದೇನೆ. ಈ ಚಾಳಿ ಮನೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು.

ಮಾದಾಪುರದಲ್ಲಿ ಸಾಫ್ಟ್‌ವೇರ್ ಬರೆದುಕೊಂಡಿದ್ದ ನನ್ನನ್ನು ಆ ವರ್ಷ ಸನತ್‌ನಗರದ ಪುಟ್ಟ ಪ್ರಯೋಗಾಲಯವೊಂದಕ್ಕೆ ಕಳಿಸಿದರು. ಅಲ್ಲಿದ್ದದ್ದು ಕೃತಕ ಅಂಗಾಂಗ ಮುದ್ರಿಸುವ ಯಂತ್ರ. ಅದರ ಸೂಜಿ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ನನ್ನ ಪಾಲಿನ ಕೆಲಸ. ಸೂಜಿಯಿಂದ ಏನು ಬರಬೇಕೆನ್ನುವುದು ಕಲಬುರಗಿಯ ಸಂಶೋಧಕಿಯೊಬ್ಬಳದು. ಉಳಿದವರೆಲ್ಲ ತೆಲುಗು, ಹಿಂದಿ. ಕನ್ನಡ ನಮ್ಮಿಬ್ಬರಿಗೆ ಮಾತ್ರ.

ಅವಳ ತಾಪತ್ರಯ ಇಷ್ಟೇ. ಜೀವಕೋಶ ಬೆರೆಸಿದ ಜೆಲ್‌ನಿಂದ ಯಕೃತ್ತಿನ ತುಣುಕು ಮಾಡಬಹುದು, ಆದರೆ ಒಳಗೆ ರಕ್ತನಾಳವಿಲ್ಲದಿದ್ದರೆ ನಡುವಿನ ಕೋಶಗಳು ಉಪವಾಸ ಸಾಯುತ್ತವೆ. ಅದಕ್ಕಾಗಿ ಅವಳು ಬೇರೊಂದು ಜೆಲ್‌ನಲ್ಲಿ ಕವಲುಕವಲಾಗಿ ನಾಳಗಳ ಆಕಾರ ಮುದ್ರಿಸಿ, ಸುತ್ತ ಕೋಶಗಳ ಜೆಲ್ ಸುರಿದು, ಅದು ಗಟ್ಟಿಯಾದ ಮೇಲೆ ಒಳಗಿನದನ್ನು ಹೀರಿ ತೆಗೆಯುತ್ತಿದ್ದಳು. ಉಳಿಯುವ ಪೊಳ್ಳೇ ನಾಳ. ಅಂದು ಸಂಜೆ ಐದಕ್ಕೆ ಮೇಲಿನವರು ಬಂದು ಆ ಪೊಳ್ಳಿನಲ್ಲಿ ಕೆಂಪು ನೀರು ಹರಿಯುವುದನ್ನು ನೋಡುವವರಿದ್ದರು. ಹರಿಯದಿದ್ದರೆ ಅವಳ ಎರಡು ವರ್ಷದ ಕೆಲಸ ಅಲ್ಲಿಗೆ ಬಂದ್.

ನಾಳಗಳನ್ನು ಗಾಜಿನ ಪ್ಲೇಟೊಂದರ ಮೇಲೆ ಮುದ್ರಿಸಿಟ್ಟು ಅವಳು ಊಟಕ್ಕೆ ಹೋದಳು. ಹಿಂದೆಯೇ ಕರೆಂಟೂ ಹೋಯಿತು. ಎಸಿ ನಿಂತು ಕೋಣೆ ಕಾಯತೊಡಗಿತು. ನನ್ನ ಕತ್ತಿನಿಂದ ಬೆವರು ಇಳಿದಂತೆಲ್ಲ ಆ ಜೆಲ್ಲೂ ಇಳಿಯುತ್ತಿರಬೇಕು ಅನ್ನಿಸಿತು. ಪ್ಲೇಟನ್ನು ಎರಡೂ ಕೈಯಲ್ಲಿ ಎತ್ತಿ, ಇನ್ನೂ ತಣ್ಣಗೇ ಇದ್ದ ಫ್ರಿಜ್‌ನಲ್ಲಿಟ್ಟು, ಉಪಕಾರ ಮಾಡಿದ ನೆಮ್ಮದಿಯಲ್ಲಿ ನನ್ನ ಡಬ್ಬಿ ಬಿಚ್ಚಿದೆ.

“ಸರ್, ಪ್ಲೇಟ್ ಎಲ್ಲೈತ್ರಿ?”

“ಫ್ರಿಜ್‌ನಲ್ಲಮ್ಮ. ಕರಗಿಬಿಟ್ಟೀತು ಅಂತ.”

ಅವಳು ಬಾಗಿಲು ತೆಗೆದಳು. ಕವಲುಗಳಿದ್ದಲ್ಲಿ ಒಂದು ಸಣ್ಣ ಮಡು.

“ತುಪ್ಪ ಅಂತ ತಿಳ್ಕೊಂಡ್ರೇನ್ರಿ? ಇದು ತುಪ್ಪದ ಉಲ್ಟಾ ಐತ್ರಿ. ಬೆಚ್ಚಗಿದ್ರ ಗಟ್ಟಿ ಕುಂದರ್ತದ, ತಣ್ಣಗಾದ್ರ ನೀರಾಗ್ತದ.”

ಮೂರು ತಿಂಗಳು ಆ ಜೆಲ್‌ನ ಪಕ್ಕದಲ್ಲೇ ಕೂತಿದ್ದೆ. ಅದರ ಸ್ವಭಾವ ಎಂಥದ್ದೆಂದು ಒಮ್ಮೆಯೂ ಕೇಳಿರಲಿಲ್ಲ.

ಕರೆಂಟ್ ಬಂದದ್ದು ಮೂರಕ್ಕೆ. ಅವಳು ಮತ್ತೆ ಮುದ್ರಿಸಲು ಕೂತಳು. ನಾನು ಎದ್ದೆ.

“ನೀವು ಕೈ ಕಟ್ಕೊಂಡು ಅಲ್ಲೇ ಕುಂದರ್ರಿ ಸರ್. ಸಹಾಯ ಭಾಳ ಆಗೇದ.”

ಕುಳಿತೆ. ಸೂಜಿ ತಿರುಗಿತು, ಕವಲುಗಳು ಎದ್ದವು. ಅವಳು ಕೋಶಗಳ ಜೆಲ್ ಸುರಿದು, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡಿ, ಪ್ಲೇಟನ್ನು ನನ್ನ ಮುಂದೆ ಹಿಡಿದಳು.

“ಈಗ ಇಡ್ರಿ ಫ್ರಿಜ್‌ನ್ಯಾಗ. ಹೊರಗಿಂದು ಇನ್ನ ಕರಗಂಗಿಲ್ಲ, ಒಳಗಿಂದಷ್ಟೇ ನೀರಾಗ್ಬೇಕು, ಹೀರಿ ತೆಗೀಲಿಕ್ಕೆ. ನಿಮ್ಮ ಆಸೆನೂ ತೀರ್ಲಿ.”

ಇಟ್ಟೆ. ಇಟ್ಟ ಮೇಲೆ ಹೆಚ್ಚು ಹೊತ್ತಾಯಿತೇನೋ ಎಂದು ಹೆದರಿದೆ. ಅವಳು ಗಡಿಯಾರ ತೋರಿಸಿದಳು, ಎರಡು ನಿಮಿಷವಾಗಿತ್ತು.

ಐದಕ್ಕೆ ಬಂದವರು ಸುತ್ತ ನಿಂತರು. ಸಿರಿಂಜಿನ ಕೆಂಪು ನೀರು ಮೊದಲ ಕವಲು ದಾಟಿತು, ಎರಡನೆಯದರಲ್ಲಿ ನಿಂತಿತು. ಅವಳು ಹೆಬ್ಬೆರಳನ್ನು ಇನ್ನೊಂದಿಷ್ಟು ಒತ್ತಿದಳು. ನೀರು ಮುಂದೆ ಹೋಗಿ ಆಚೆ ತುದಿಯಲ್ಲಿ ತೊಟ್ಟಿಕ್ಕಿತು. ಬಂದವರಲ್ಲಿ ಹಿರಿಯರು ಕನ್ನಡಕ ತೆಗೆದು, ಮುಂದುವರಿಸಿ ಎಂದರು.

ಮರುದಿನ ಫ್ರಿಜ್‌ನ ಬಾಗಿಲ ಮೇಲೆ ಚೀಟಿ ಅಂಟಿತ್ತು: “ಕೇಳದೆ ಏನನ್ನೂ ಇಡಬಾರದು.” ದೊಡ್ಡ ಅಕ್ಷರ, ಅಚ್ಚ ಕನ್ನಡ. ಆ ಪ್ರಯೋಗಾಲಯದಲ್ಲಿ ಅದನ್ನು ಓದಬಲ್ಲವರು ಇಬ್ಬರೇ. ಅವರಲ್ಲಿ ಒಬ್ಬಳು ಬರೆದವಳು.