ಟೀಚರಮ್ಮನ ಬದಲಿ ಆಳು

ಮಾಗನೂರಿನ ಅಂಗನವಾಡಿ ಅವತ್ತಿನಿಂದಲೇ ಬಂದ್ ಅಂತ ಬಾಗಿಲಿಗೆ ನೋಟೀಸು ಅಂಟಿಸಾಕ ಆಫೀಸಿನವರು ನನ್ನ ಕಳಿಸಿದ್ದರು. ಗೋಂದು ಹಚ್ಚೂದ್ರಾಗ ಹತ್ತಿ ಬಿಡಿಸಾಕ ಹೊಂಟ ಹೆಣ್ಮಕ್ಕಳು ಕೂಸುಗಳನ್ನ ಕರಕೊಂಡು ಬಂದರು. ರಸ್ತೆಯಾಗ ಅವರ ಆಟೊ ಹಾರ್ನ್ ಹೊಡೀತಿತ್ತು.

“ಮುಂಚೆ ಹೇಳಬಾರದೇನ್ರಿ ಸಾರ್? ಹೋಗದಿದ್ರ ಇವತ್ತಿನ ಕೂಲಿ ಹೋತು,” ಅಂದಳು ಅವರೊಳಗಿನ ನಾಗಮ್ಮ.

“ನಮಗೂ ನಿನ್ನೀನೇ ಆರ್ಡರ್ ಬಂತಮ್ಮ.”

“ನಮ್ಮ ಗುಂಪಿನ್ಯಾಗ ಒಬ್ಬಾಕಿ ತಪ್ಪಿಸಿದ್ರ ಬದಲಿ ಆಳು ಕಳಸಬೇಕು. ಟೀಚರಮ್ಮನ ಬದಲಿ ನೀವು ಬಂದೀರಿ, ಕುಂದರ್ರಿ.”

ಕೂಸುಗಳನ್ನ ನನ್ನ ಸುತ್ತ ಬಿಟ್ಟು ಎಲ್ಲರೂ ಆಟೊ ಹತ್ತೇಬಿಟ್ಟರು.

ಸಂಜಿಗೆ ಬಂದ ನಾಗಮ್ಮ ನನ್ನ ಬೆನ್ನು ನೋಡಿ ಸೆರಗು ಬಾಯಿಗೆ ಹಿಡಿದಳು. ಗೋಂದು ಕೂಸುಗಳ ಕೈಗೆ ಸಿಕ್ಕಿತ್ತು. ‘ಇವತ್ತಿನಿಂದ ಬಂದ್’ ಅನ್ನೂ ನೋಟೀಸು ನನ್ನ ಅಂಗಿಗೆ ಅಂಟಿತ್ತು.

“ಅಯ್ಯ ಸಾರ್,” ಅಂದಳು, “ನಿಮಗೂ ಯಾರೂ ಮುಂಚೆ ಹೇಳಲಿಲ್ಲೇನ್ರಿ?”